ಆನೆಗೆ ನಾವು ಕಲಿಸುತ್ತಿರುವ ಪಾಠ

ವಯನಾಡಿನ ಕಡೆ ಚುನಾವಣೆ ಬಂತೆಂದರೆ ಬಂಡೀಪುರದ ಕಾಡು ಹಾಯುವ ರಸ್ತೆಗಳ ರಾತ್ರಿ ಸಂಚಾರ ನಿಷೇಧ ತೆಗೆಯಬೇಕೆಂಬ ಕೂಗು ಏಳುತ್ತದೆ. ಈಗ ಅದು ಗಡಿಯಾಚೆಯ ಕೂಗಾಗಿ ಮಾತ್ರ ಉಳಿದಿಲ್ಲ. ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲೂ ಹೋಟೆಲುಗಳಲ್ಲೂ ಅದಕ್ಕೆ ತಲೆದೂಗುವವರಿದ್ದಾರೆ. ರಾತ್ರಿ ಒಂಬತ್ತಾಯಿತೆಂದರೆ ಚೆಕ್‌ಪೋಸ್ಟ್ ಗೇಟು ಬೀಳುತ್ತದೆ, ತಡವಾದ ಟೊಮೆಟೊ, ಬೀನ್ಸ್ ಲಾರಿಯಲ್ಲೇ ಬೆಳಗಾಗುತ್ತದೆ, ವ್ಯಾಪಾರಿ ಆ ನಷ್ಟವನ್ನು ರೈತನಿಗೆ ಕೊಡುವ ದರದಲ್ಲಿ ಮುರಿದುಕೊಳ್ಳುತ್ತಾನೆ ಎಂಬುದು ಅವರ ದೂರು. ದೂರಿನಲ್ಲಿ ತಥ್ಯವಿದೆ, ಅದಕ್ಕೆ ಮುಂದೆ ಬರುತ್ತೇನೆ. ಆದರೆ ಅದರ ಬೆನ್ನಿಗೇ ಒಂದು ಮಾತು ಬರುತ್ತದೆ: 'ಪ್ರಾಣಿಗಳಿಗೇನು ಸ್ವಾಮಿ, ನಾಲ್ಕು ದಿನ ಕಳೆದರೆ ಗಾಡಿ ಸದ್ದು ಅಭ್ಯಾಸ ಆಗುತ್ತೆ.' ಇದನ್ನು ನಾನು ಒಪ್ಪಲಾರೆ. ಆನೆಯ ಬುದ್ಧಿಯನ್ನು ಇಷ್ಟು ಹಗುರವಾಗಿ ಎಣಿಸಿದರೆ ಅದರ ದಂಡ ಕಟ್ಟುವವರು ಹಂಗಳ, ಮೇಲುಕಾಮನಹಳ್ಳಿ, ಬೇರಂಬಾಡಿ ಕಡೆಯ ರೈತರು.

ಆನೆಗೆ ಎಂಥದ್ದು ಅಭ್ಯಾಸವಾಗುತ್ತದೆ ಎಂದು ನೋಡಬೇಕಿದ್ದರೆ ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿ ಹಿಡಿಯಬೇಕು. ಪುಣಜನೂರು ದಾಟಿ ಹಾಸನೂರಿನ ಕಡೆ ತಿರುಗಿದರೆ ಎರಡೂ ಬದಿ ಕಾಡು. ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ಕಡೆಯ ಕಬ್ಬು ಅತ್ತ ಕಾರ್ಖಾನೆಗೆ ಹೋಗುವುದು ಇದೇ ದಾರಿಯಲ್ಲಿ. ಹೆಣ್ಣಾನೆಯೊಂದು ಮರಿಯನ್ನು ಕಟ್ಟಿಕೊಂಡು ಲಂಟಾನ ಪೊದೆಯ ಮರೆಯಲ್ಲಿ ನಿಂತಿರುತ್ತದೆ. ಕಾರು ಬಂದರೆ ಬಿಡುತ್ತದೆ, ಬಸ್ಸು ಬಂದರೂ ಬಿಡುತ್ತದೆ. ಕಬ್ಬಿನ ಲಾರಿ ತಿರುವಿನಲ್ಲಿ ಗೇರು ಇಳಿಸಿ ಏದುಸಿರು ಬಿಡುವಾಗ ನಡುರಸ್ತೆಗೆ ಬಂದು ನಿಲ್ಲುತ್ತದೆ. ಡ್ರೈವರ್ ಇಳಿಯುವುದಿಲ್ಲ, ಹಾರನ್ನೂ ಒತ್ತುವುದಿಲ್ಲ. ಆನೆ ಪಕ್ಕಕ್ಕೆ ಸರಿದು, ಬಿಗಿದ ಹಗ್ಗದ ಸಂದಿಗೆ ಸೊಂಡಿಲು ತೂರಿಸಿ, ಜಲ್ಲೆಗಳನ್ನು ಎಳೆದು ಮರಿಯ ಮುಂದೆ ಹಾಕಿ, ಆಮೇಲೆ ತನ್ನ ಬಾಯಿಗೆ ಇಟ್ಟುಕೊಳ್ಳುತ್ತದೆ. ಹಿಂದೆ ನಿಂತ ವಾಹನಗಳವರು ಮೊಬೈಲ್ ಎತ್ತಿ ಹಿಡಿದು ನಗುತ್ತಾರೆ. ನನಗೆ ಅಲ್ಲಿ ನಗು ಬರುವುದಿಲ್ಲ. ಯಾವ ವಾಹನದಲ್ಲಿ ಏನಿರುತ್ತದೆ, ಅದು ಎಲ್ಲಿ ನಿಧಾನವಾಗುತ್ತದೆ, ಒಳಗಿರುವ ಮನುಷ್ಯ ಏನು ಮಾಡುತ್ತಾನೆ, ಏನು ಮಾಡುವುದಿಲ್ಲ ಎಂಬುದನ್ನೆಲ್ಲ ಆ ಮರಿ ತಾಯಿಯ ಕಾಲ ಬುಡದಲ್ಲಿ ನಿಂತು ಕಲಿಯುತ್ತಿದೆ. ಆನೆ ಐವತ್ತು ಅರವತ್ತು ವರ್ಷ ಬದುಕುವ ಜೀವ. ಈ ಹೊತ್ತು ಕಲಿತದ್ದನ್ನು ಅದು ನಮ್ಮ ಮಕ್ಕಳ ಕಾಲಕ್ಕೂ ಒಯ್ಯುತ್ತದೆ.

ಬುದ್ಧಿವಂತ ಪ್ರಾಣಿ ಯಾವುದೆಂದು ಪೇಟೆಯ ಮಕ್ಕಳನ್ನು ಕೇಳಿದರೆ ಡಾಲ್ಫಿನ್ ಎನ್ನುತ್ತಾರೆ. ಸುಳ್ಳಲ್ಲ. ಡಾಲ್ಫಿನ್‌ಗಳು ತಮಗೆ ತಾವೇ ಒಂದೊಂದು ಸಿಳ್ಳೆ ಕಟ್ಟಿಕೊಳ್ಳುತ್ತವೆ, ಅದನ್ನು ಕೇಳಿಸಿದರೆ ಓಗೊಡುತ್ತವೆ, ಜೊತೆಗಿದ್ದವರ ಸಿಳ್ಳೆಯನ್ನು ಇಪ್ಪತ್ತು ವರ್ಷದ ಮೇಲೂ ಗುರುತಿಸುತ್ತವೆ. 2013ರಲ್ಲಿ ಕೇಂದ್ರ ಸರ್ಕಾರ ಡಾಲ್ಫಿನ್ ಆಟದ ಕೊಳಗಳಿಗೆ ಅನುಮತಿ ಕೊಡಬೇಡಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿದಾಗ, ಇಷ್ಟು ಬುದ್ಧಿ, ಇಷ್ಟು ಸೂಕ್ಷ್ಮತೆ ಇರುವ ಜೀವಿಗಳನ್ನು ಮನುಷ್ಯರಲ್ಲದ ವ್ಯಕ್ತಿಗಳೆಂದೇ ಕಾಣಬೇಕು, ಅವಕ್ಕೆ ಅವುಗಳದೇ ಹಕ್ಕುಗಳಿರಬೇಕು ಎಂಬರ್ಥದ ಮಾತನ್ನು ಅದರಲ್ಲಿ ಬರೆದಿತ್ತು. ಕೊಚ್ಚಿ ಸೇರಿ ಕೆಲವು ಕಡೆ ಯೋಚನೆಯಲ್ಲಿದ್ದ ಕೊಳಗಳು ಅಲ್ಲಿಗೆ ನಿಂತವು. ಅದು ಒಳ್ಳೆಯ ನಿರ್ಧಾರ. ನನ್ನ ತಕರಾರು ಅದರ ಕಾರಣದ ಬಗ್ಗೆ.

ಬುದ್ಧಿಯನ್ನು ತೂಗುವ ತಕ್ಕಡಿ ಯಾವುದು? ಮಿದುಳಿನ ತೂಕವೆಂದರೆ ಮನುಷ್ಯನದು ಸುಮಾರು 1.3 ಕಿಲೋ, ಬಾಟಲ್‌ನೋಸ್ ಡಾಲ್ಫಿನ್‌ನದು ಒಂದೂವರೆ ಕಿಲೋ, ಆನೆಯದು ನಾಲ್ಕೂವರೆ ಐದು ಕಿಲೋ. ಹಾಗೆ ನೋಡಿದರೆ ಆನೆಯೇ ಮೇಲು. ಮೈತೂಕಕ್ಕೆ ತಕ್ಕ ಮಿದುಳು ಎಂದು ಲೆಕ್ಕ ಬದಲಿಸಿದರೆ ಮನುಷ್ಯ ಮೊದಲು, ಡಾಲ್ಫಿನ್ ಎರಡನೆಯದು, ಆನೆ ಬಹಳ ಹಿಂದೆ. ನರಕೋಶ ಎಣಿಸೋಣವೆಂದರೆ, 2014ರಲ್ಲಿ ಆಫ್ರಿಕಾದ ಆನೆಯೊಂದರ ಮಿದುಳಿನಲ್ಲಿ ಸುಜಾನಾ ಹರ್ಕುಲಾನೊ ಹೌಜೆಲ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದು 25,700 ಕೋಟಿ. ಮನುಷ್ಯನದು 8,600 ಕೋಟಿ. ಆದರೆ ಆನೆಯ ಆ ಕೋಶಗಳಲ್ಲಿ ನೂರಕ್ಕೆ ತೊಂಬತ್ತೇಳೂವರೆ ಪಾಲು ಕಿರುಮಿದುಳಿನಲ್ಲಿವೆ. ಯೋಚನೆಗೆ ಮುಖ್ಯವೆನ್ನುವ ಮಿದುಳಿನ ತೊಗಟೆಯಲ್ಲಿ ಇರುವುದು 560 ಕೋಟಿ, ನಮ್ಮಲ್ಲಿ 1,600 ಕೋಟಿ. ಅಳತೆ ಬದಲಾದಂತೆ ಗೆಲ್ಲುವವರೂ ಬದಲಾಗುತ್ತಾರೆ, ಮತ್ತು ಅಳತೆಗೋಲು ಯಾವಾಗಲೂ ಮನುಷ್ಯನ ಕೈಯಲ್ಲೇ ಇರುತ್ತದೆ.

ಕನ್ನಡಿ ಪರೀಕ್ಷೆಯನ್ನೇ ನೋಡಿ. 2001ರಲ್ಲಿ ಡಾಲ್ಫಿನ್‌ಗಳು ಕನ್ನಡಿಯಲ್ಲಿ ತಮ್ಮ ಮೈಮೇಲಿನ ಗುರುತು ಹುಡುಕಿ ಅದರಲ್ಲಿ ಪಾಸಾದವು. 2006ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹ್ಯಾಪಿ ಎಂಬ ಏಷ್ಯಾದ ಆನೆ, ಹಣೆಗೆ ಬಳಿದ ಬಿಳಿ ಗುರುತನ್ನು ಕನ್ನಡಿ ನೋಡಿಕೊಂಡು ಸೊಂಡಿಲಿನಿಂದ ಮತ್ತೆ ಮತ್ತೆ ಮುಟ್ಟಿತು. ಪರೀಕ್ಷೆಗೆ ನಿಲ್ಲಿಸಿದ ಉಳಿದ ಎರಡು ಆನೆಗಳು ಗುರುತು ಮುಟ್ಟಲಿಲ್ಲ. ಅವೆರಡು ದಡ್ಡ ಆನೆಗಳೇ? ಮೂಸಿ ನೋಡಿ ಲೋಕ ಅರಿಯುವ ಪ್ರಾಣಿಯ ಮುಂದೆ ಗಾಜು ಹಿಡಿದು ಅಂಕ ಹಾಕುವುದು ಯಾವ ನ್ಯಾಯ? ಪಾಸಾದ ಹ್ಯಾಪಿಗಾದರೂ ಏನು ಸಿಕ್ಕಿತು? ಅದನ್ನು ಮೃಗಾಲಯದಿಂದ ಬಿಡಿಸಬೇಕೆಂಬ ಅರ್ಜಿಯನ್ನು 2022ರ ಜೂನ್‌ನಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ ಐದು ಎರಡರ ಬಹುಮತದಲ್ಲಿ ತಳ್ಳಿಹಾಕಿತು. ಬುದ್ಧಿ ತೋರಿಸಿದರೆ ಹಕ್ಕು ಕೊಡುತ್ತೇವೆ ಎಂಬ ಕರಾರನ್ನು ಮನುಷ್ಯ ಉಳಿಸಿಕೊಳ್ಳುವುದಿಲ್ಲ. ಉಳಿಸಿಕೊಂಡರೂ ಬಂಡೀಪುರದ ಮೂಲೆಹೊಳೆಯ ಬಳಿ ಚಕ್ರಕ್ಕೆ ಸಿಗುವ ಜಿಂಕೆ, ಕಾಡುಬೆಕ್ಕುಗಳಿಗೆ ಅದರಿಂದ ಏನೂ ಆಗುವುದಿಲ್ಲ. ಅವು ಯಾವ ಪರೀಕ್ಷೆಗೂ ಕೂತವಲ್ಲ. ಹಾಗಾಗಿ ಆನೆ ಜಾಣಪ್ರಾಣಿ, ಆದ್ದರಿಂದ ರಸ್ತೆ ಮುಚ್ಚಿ ಎಂದು ನಾನು ಹೇಳುವುದಿಲ್ಲ. ಕಾಡಿಗೆ ರಾತ್ರಿ ಬೇಕು, ಅಷ್ಟೇ ಸಾಕು.

ಆದರೆ ಆನೆಯ ಬುದ್ಧಿ ಲೆಕ್ಕಕ್ಕೆ ಬರುವ ಜಾಗ ಬೇರೊಂದಿದೆ, ಮತ್ತು ಅದು ನಮ್ಮ ಹೊಲದ ಬದುವಿನಲ್ಲಿದೆ.

1980ರ ದಶಕದ ಮೊದಲಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಇದೇ ಚಾಮರಾಜನಗರ, ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಹಿಂದೆ ಅಲೆದರು. ಬೆಳೆದ ಸಲಗವೊಂದು ವರ್ಷದಲ್ಲಿ ಸರಾಸರಿ 49 ರಾತ್ರಿ ಹೊಲಕ್ಕೆ ಇಳಿದರೆ, ಮರಿಗಳಿರುವ ಹಿಂಡು ಇಳಿಯುವುದು 8 ರಾತ್ರಿ ಎಂಬುದು ಅವರು ಕಂಡ ಲೆಕ್ಕ. ಹೊಲದಲ್ಲಿ ಪಟಾಕಿ ಇದೆ, ಕೋವಿ ಇದೆ, ಕರೆಂಟು ಇದೆ ಎಂಬುದು ಇಬ್ಬರಿಗೂ ಗೊತ್ತು. ತೆನೆ ಕಟ್ಟಿದ ರಾಗಿ ಕಾಡಿನ ಹುಲ್ಲಿಗಿಂತ ಪುಷ್ಟಿ ಎಂಬುದೂ ಗೊತ್ತು. ಮೈ ಬೆಳೆಸಿದರೆ ಹೆಣ್ಣಾನೆ ಸಿಗುತ್ತದೆ ಎಂಬ ಸಲಗ ಅಪಾಯಕ್ಕೆ ಇಳಿಯುತ್ತದೆ, ಮರಿಯನ್ನು ಉಳಿಸಿಕೊಳ್ಳಬೇಕಾದ ತಾಯಿ ಹಿಂದೆ ನಿಲ್ಲುತ್ತದೆ ಎಂದು ಸುಕುಮಾರ್ ಮತ್ತು ಮಾಧವ ಗಾಡ್ಗೀಳ್ 1988ರಲ್ಲಿ ವಿವರಿಸಿದರು. 2019ರಲ್ಲಿ ನಿಶಾಂತ್ ಶ್ರೀನಿವಾಸಯ್ಯ ಮತ್ತು ಸಂಗಡಿಗರು ದಕ್ಷಿಣ ಭಾರತದ 248 ಗಂಡಾನೆಗಳನ್ನು ಒಂದೊಂದಾಗಿ ಗುರುತಿಟ್ಟು ನೋಡಿದಾಗ ಹೊಸದೊಂದು ಕಂಡಿತು. ಒಂಟಿಯಾಗಿ ತಿರುಗಬೇಕಾದ ಎಳೆ ಸಲಗಗಳು ಊರು ಹೊಲಗಳಿರುವ ಕಡೆ ದೊಡ್ಡ ಗುಂಪು ಕಟ್ಟಿಕೊಳ್ಳುತ್ತಿದ್ದವು. ಅನುಭವಸ್ಥ ಸಲಗದ ಜೊತೆಗಿದ್ದರೆ ಅಪಾಯದ ಜಾಗದಲ್ಲಿ ಬದುಕುವುದು ಸುಲಭ ಎಂಬುದು ಅಲ್ಲಿನ ವಿವರಣೆ. ನಾವು ಕಾಡಿನ ಬದುಕನ್ನು ಕಲಕಿದಷ್ಟೂ ಆನೆ ಹೊಸ ಉಪಾಯ ಹೂಡುತ್ತದೆ.

ನಮ್ಮ ಕಡೆಯ ರೈತರಿಗೆ ಇದನ್ನು ಯಾರೂ ಪುಸ್ತಕದಿಂದ ಓದಿ ಹೇಳಬೇಕಾಗಿಲ್ಲ. ಕಂದಕ ತೋಡಿದರೆ ಅಂಚಿನ ಮಣ್ಣನ್ನು ಕಾಲಿನಿಂದ ಕೆಡವಿ ದಾರಿ ಮಾಡಿಕೊಂಡು ಇಳಿಯುತ್ತವೆ. ಸೋಲಾರ್ ಬೇಲಿಯ ತಂತಿಯನ್ನು ಸೊಂಡಿಲಿನಿಂದ ಮುಟ್ಟುವುದಿಲ್ಲ. ಕರೆಂಟು ಹರಿಯದ ದಂತದಿಂದ ಮೀಟುತ್ತವೆ, ಇಲ್ಲವೇ ಮರದ ಕೊಂಬೆ ತಂದು ತಂತಿಯ ಮೇಲೆ ಬೀಳಿಸುತ್ತವೆ, ಕಂಬವನ್ನು ಕಾಲಿನಿಂದ ಒತ್ತಿ ಮಲಗಿಸುತ್ತವೆ. ರೈಲು ಹಳಿಯ ತಡೆಗೋಡೆ ಬಂದಾಗ ಇನ್ನು ಸಾಕು ಎಂದುಕೊಂಡೆವು. 2018ರ ಡಿಸೆಂಬರ್‌ನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿಯಲ್ಲಿ ಸಲಗವೊಂದು ಅದನ್ನೂ ಹತ್ತಿ ದಾಟಲು ಹೋಗಿ, ಹಳಿಗಳ ನಡುವೆ ಸಿಕ್ಕಿಕೊಂಡು ಸತ್ತಿತು. ಆ ಚಿತ್ರ ನೋಡಿದವರಿಗೆ ಅದು ಮರೆಯುವಂಥದ್ದಲ್ಲ.

ಇಂಥ ಪ್ರಾಣಿಗೆ ರಾತ್ರಿಯಿಡೀ ಲಾರಿಗಳ ಸಾಲು ಅಭ್ಯಾಸ ಮಾಡಿಸೋಣ ಎನ್ನುತ್ತಾರೆ. 2023ರ ಗಣತಿಯಲ್ಲಿ ಕರ್ನಾಟಕದ 6,395 ಆನೆಗಳಲ್ಲಿ 1,116 ಬಂಡೀಪುರದಲ್ಲೇ ಕಂಡಿವೆ. ರಾಜ್ಯದಲ್ಲಿ ಬೇರೆಲ್ಲೂ ಇಷ್ಟಿಲ್ಲ. ಅವು ಮೇವು ನೀರಿಗಾಗಿ ಬಂಡೀಪುರ, ಮುದುಮಲೆ, ವಯನಾಡು, ನಾಗರಹೊಳೆ ಎಂದು ತಿರುಗಾಡುವಾಗ ಈ ರಸ್ತೆಗಳನ್ನು ದಾಟಲೇಬೇಕು. 1984ರಲ್ಲಿ ಕೇಟಿ ಪೇನ್ ಎಂಬ ಸಂಶೋಧಕಿ ಪೋರ್ಟ್‌ಲೆಂಡಿನ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಪಕ್ಕ ನಿಂತಿದ್ದಾಗ ಗಾಳಿಯಲ್ಲಿ ಒಂದು ಅದುರು ಮೈಗೆ ತಟ್ಟಿತು. ನಮ್ಮ ಕಿವಿಗೆ ಎಟುಕದಷ್ಟು ತಗ್ಗಿದ ಸದ್ದಿನಲ್ಲಿ ಅವು ಮಾತಾಡಿಕೊಳ್ಳುತ್ತವೆ, ಅದು ಕಿಲೋಮೀಟರುಗಟ್ಟಲೆ ಸಾಗುತ್ತದೆ ಎಂಬುದು ಆಮೇಲೆ ಖಚಿತವಾಯಿತು. ಲಾರಿ ಇಂಜಿನ್ನಿನ ಗುಡುಗಿನಲ್ಲೂ ತಗ್ಗಿದ ಸದ್ದಿದೆ. ರಸ್ತೆಯ ಈಚೆ ಹಿರಿಯ ಹೆಣ್ಣಾನೆ, ಆಚೆ ಮರಿ, ನಡುವೆ ದೀಪ ಉರಿಸಿಕೊಂಡು ಹರಿಯುವ ಗಾಡಿಗಳು. ದಾಟಲಾಗದ ಹಿಂಡು ಕಾಡೊಳಗೆ ಸುಮ್ಮನೆ ಕೂರುವುದಿಲ್ಲ, ಹೊಟ್ಟೆ ಕೇಳಿದಾಗ ಈಚೆಗೇ ತಿರುಗುತ್ತದೆ. ಈಚೆಗಿರುವುದು ನಮ್ಮ ಜೋಳ, ಬಾಳೆ, ರಾಗಿ. ದಾಟಲು ಧೈರ್ಯ ಮಾಡಿದ ಆನೆಯೋ ಲಾರಿಯನ್ನು ನಿಲ್ಲಿಸಿ ತರಕಾರಿ ಎಳೆಯುವುದನ್ನು ಕಲಿಯುತ್ತದೆ. ಊಟಿ ರಸ್ತೆಯಲ್ಲಿ ಅದು ಹಗಲೇ ನಡೆದಿದೆ. 2025ರ ಆಗಸ್ಟ್‌ನಲ್ಲಿ ಅದೇ ಕಾಡುರಸ್ತೆಯಲ್ಲಿ ಆನೆಯ ಹತ್ತಿರ ಫೋಟೊಗೆಂದು ಹೋದವರು ತುಳಿತಕ್ಕೆ ಸಿಕ್ಕಿ ಬದುಕಿ ಉಳಿದದ್ದು ಪುಣ್ಯ. ಆ ನೋಟವನ್ನು ರಾತ್ರಿ ಹನ್ನೆರಡು ಗಂಟೆಗೆ ಒಯ್ದು ಕಲ್ಪಿಸಿಕೊಳ್ಳಿ.

ಈ ನಿಷೇಧ ಆಕಾಶದಿಂದ ಬಿದ್ದದ್ದಲ್ಲ. 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಡಳಿತ ಆದೇಶ ಹೊರಡಿಸಿತು, ಒತ್ತಡ ಬಂದು ವಾರದೊಳಗೆ ಹಿಂದೆಗೆಯಿತು. ಹೈಕೋರ್ಟ್ ಅದನ್ನು ಮತ್ತೆ ಜಾರಿಗೆ ತಂದು 2010ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಆಂಬುಲೆನ್ಸ್‌ಗೆ ತಡೆಯಿಲ್ಲ, ಎರಡೂ ರಾಜ್ಯದ ಕೆಲವು ಬಸ್ಸುಗಳಿಗೂ ತಡೆಯಿಲ್ಲ. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಬಳಸು ದಾರಿಯಿದೆ. ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. 2018ರಲ್ಲಿ ಕೇಂದ್ರದ ಹೆದ್ದಾರಿ ಸಚಿವಾಲಯ ಒಂದೊಂದು ಕಿಲೋಮೀಟರಿನ ಐದು ಮೇಲುಸೇತುವೆ ಕಟ್ಟಿ, ಉಳಿದ ಉದ್ದಕ್ಕೂ ಎರಡೂ ಬದಿ ಬೇಲಿ ಹಾಕಿ ರಾತ್ರಿಯೂ ಬಿಡೋಣ ಎಂಬ ಪ್ರಸ್ತಾವ ತಂದಿತು. ಬೇಲಿಯನ್ನು ಆನೆ ಏನು ಮಾಡುತ್ತದೆ ಎಂದು ಮೇಲುಕಾಮನಹಳ್ಳಿಯ ಯಾವ ರೈತನನ್ನು ಕೇಳಿದ್ದರೂ ಹೇಳುತ್ತಿದ್ದ. ಕಟ್ಟುವ ವರ್ಷಗಳಲ್ಲಿ ಕಾಡಿನ ನಡುವೆ ನಿಲ್ಲುವ ಕ್ರೇನು, ಡೈನಮೈಟು, ಕೂಲಿ ಶೆಡ್ಡುಗಳ ಮಾತು ಬೇರೆ.

ಇನ್ನು ಮಂಡಿಯ ದೂರು. ತರಕಾರಿ ಬೆಳೆದವನಿಗೆ ಗಂಟೆಗಂಟೆಯೂ ಬೆಲೆಯದೇ. ಆದರೆ ಮಧ್ಯಾಹ್ನ ಮೂರಕ್ಕೆ ಹರಾಜು ಮುಗಿದರೆ ಸಂಜೆ ಎಂಟರೊಳಗೆ ಲಾರಿ ಕಾಡು ದಾಟುತ್ತದೆ. ಹರಾಜಿನ ಹೊತ್ತನ್ನು ಹಿಂದಕ್ಕೆ ತರುವುದು, ತಡವಾದ ಸರಕಿಗೆ ಗುಂಡ್ಲುಪೇಟೆಯಲ್ಲೇ ತಂಪು ಗೋದಾಮು ಕಟ್ಟುವುದು ಸರ್ಕಾರದ ಕೈಯಲ್ಲಿದೆ. ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಗೇಟು ಹಾಕಿ, ಇದನ್ನು ಮಾಡಿಕೊಡದೆ ಇದ್ದದ್ದು ನನಗೆ ಸಿಟ್ಟು ತರಿಸುತ್ತದೆ. ಅದಕ್ಕಿಂತ ದೊಡ್ಡ ಸಿಟ್ಟು ಕಾಡಂಚಿನ ಊರುಗಳದು. ಅಟ್ಟಣೆಯ ಮೇಲೆ ಟಾರ್ಚು ಹಿಡಿದು ನಿದ್ದೆಗೆಡುವವನಿಗೆ, ತುಳಿದುಹೋದ ಬಾಳೆಯ ಪರಿಹಾರಕ್ಕೆ ತಿಂಗಳುಗಟ್ಟಲೆ ಅಲೆಯುವವನಿಗೆ, ಆನೆಯ ಮನಸ್ಸಿನ ಕಥೆ ಹೇಳಿದರೆ ಮೈ ಉರಿಯುವುದು ಸಹಜ. 2025ರ ಸೆಪ್ಟೆಂಬರ್‌ನಲ್ಲಿ ಬೊಮ್ಮಲಾಪುರದ ಜನ ಹುಲಿಗೆಂದು ಇಟ್ಟ ಬೋನಿನಲ್ಲಿ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಅದನ್ನು ಸರಿಯೆನ್ನಲಾರೆ. ಆದರೆ ಆ ಹಂತಕ್ಕೆ ಜನ ಬರುವವರೆಗೆ ಕಾದವರನ್ನು ನಿರಪರಾಧಿಗಳು ಎನ್ನಲೂ ಆರೆ. ಇದೇ ತಾಲ್ಲೂಕಿನ ಬರ್ಗಿ ಬಳಿ 2023ರ ಫೆಬ್ರುವರಿಯಲ್ಲಿ ಹೊಲದ ತಂತಿಯ ಕರೆಂಟು ತಗುಲಿ ಬಿದ್ದಿದ್ದ ಹೆಣ್ಣಾನೆಯನ್ನು ಸಿಬ್ಬಂದಿ ಮತ್ತು ವೈದ್ಯರು ಬದುಕಿಸಿ ಕಾಡಿಗೆ ಕಳಿಸಿದರು. ಅದೇ ಇಲಾಖೆ ಅದೇ ಚುರುಕನ್ನು ರೈತನ ಅರ್ಜಿಯ ಮೇಲೂ ತೋರಿಸಬೇಕೆಂದು ಕೇಳುವುದು ದೊಡ್ಡ ಬೇಡಿಕೆಯಲ್ಲ.

ರಾತ್ರಿಯ ಒಂಬತ್ತು ಗಂಟೆಯನ್ನು ಹಾಗೇ ಬಿಡಿ. ಹಗಲಲ್ಲಿ ಕಾಡು ದಾಟುವ ಕಬ್ಬು, ತರಕಾರಿ ಲಾರಿಗಳಿಗೆ ಟಾರ್ಪಾಲು ಮುಚ್ಚುವುದು ಕಡ್ಡಾಯವಾಗಲಿ, ಮುಚ್ಚದ ಲಾರಿಯನ್ನು ಪುಣಜನೂರು, ಮದ್ದೂರು, ಕೆಕ್ಕನಹಳ್ಳ ಗೇಟುಗಳಲ್ಲೇ ತಡೆಯಲಿ. ಕಾಡಿನ ನಡುವೆ ಗಾಡಿ ನಿಲ್ಲಿಸಿ ಬಾಳೆಹಣ್ಣು ಎಸೆಯುವವರಿಗೆ ಅಲ್ಲಿಯೇ ದಂಡ ಬೀಳಲಿ. ಬೆಳೆ ಪರಿಹಾರ ಮುಂದಿನ ಬಿತ್ತನೆಯೊಳಗೆ ಖಾತೆಗೆ ಬರಲಿ. ವಯನಾಡಿನಲ್ಲಿ ಭಾಷಣಕ್ಕೆ ನಿಲ್ಲುವ ನಮ್ಮ ನಾಯಕರು ಈ ರಸ್ತೆಯ ಬಗ್ಗೆ ಮಾತು ಕೊಡುವ ಮೊದಲು ಮೇಲುಕಾಮನಹಳ್ಳಿಯ ಅಟ್ಟಣೆಯೊಂದರ ಮೇಲೆ ಒಂದು ರಾತ್ರಿ ಕೂತು ಹೋಗಲಿ.