ಶಾಲಿನ ಜೊತೆ ಒಂದು ಭಾನುವಾರ ಕೊಡೋಣ

ನಮ್ಮೂರಿನ ಸೈಕ್ಲಿಂಗ್ ಕ್ಲಬ್ಬಿನ ಹಿರಿಯ ವಾಲಂಟಿಯರ್ ಒಬ್ಬರಿಗೆ ಕಾಲೇಜಿನಲ್ಲಿ ಸನ್ಮಾನ ಮಾಡಬೇಕು ಅನ್ನೋ ಮಾತು ನಡೀತಿದೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಆಮೇಲೆ ಗ್ರೂಪ್ ಫೋಟೋ. ಖಂಡಿತ ಮಾಡೋಣ. ಆದರೆ ಅಷ್ಟೇ ಸಾಕಾ?

ಅವರು ದುಡಿಯೋದು ಬ್ರೆವೆಗಳಿಗಾಗಿ. ಬ್ರೆವೆ ಅಂದ್ರೆ ರೇಸ್ ಅಲ್ಲ, ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ. 200 ಕಿ.ಮೀ.ಗೆ 13.5 ಗಂಟೆ, 600 ಕಿ.ಮೀ.ಗೆ 40 ಗಂಟೆ. ದಾರಿಯಲ್ಲಿರುವ ಕಂಟ್ರೋಲ್‌ಗಳಲ್ಲಿ ಕಾರ್ಡಿಗೆ ಸೀಲ್ ಹಾಕಿಸಬೇಕು. ಈಗ ಲೆಕ್ಕ ನೋಡಿ. 100ನೇ ಕಿ.ಮೀ.ನ ಕಂಟ್ರೋಲ್ ತೆರೆಯೋದು ಗಂಟೆಗೆ 34 ಕಿ.ಮೀ. ವೇಗದ ಲೆಕ್ಕದಲ್ಲಿ, ಮುಚ್ಚೋದು 15 ಕಿ.ಮೀ. ಲೆಕ್ಕದಲ್ಲಿ. ಬೆಳಿಗ್ಗೆ 6ಕ್ಕೆ ಸವಾರಿ ಶುರುವಾದ್ರೆ, 8.56ರಿಂದ 12.40ರವರೆಗೆ ಅಲ್ಲಿ ಕೂತವರು ಏಳೋ ಹಾಗಿಲ್ಲ. ಎಲ್ಲೋ ಹಿಂದೆ ಪಂಕ್ಚರ್ ಹಾಕಿಕೊಳ್ತಾ ಇರುವ ಕೊನೆಯ ಸವಾರನಿಗೂ ಅವರು ಕಾಯಲೇಬೇಕು. ಇನ್ನು 600 ಕಿ.ಮೀ. ಸವಾರಿಯಾದ್ರೆ ನಡುರಾತ್ರಿಯ ಪಾಳಿಯೂ ಇರುತ್ತೆ.

ಸವಾರಿ ಮುಗಿಸಿದವರಿಗೆ ಮೆಡಲ್ ಇದೆ, ಸ್ಟ್ರಾವಾದಲ್ಲಿ ಲೈಕ್ ಇದೆ. ಕಾದು ಕೂತವರಿಗೆ?

ಸನ್ಮಾನದ ಹೆಸರಲ್ಲಿ ನಾವು ಎಷ್ಟೋ ಸಲ "ನೀವೇ ಹೀಗೇ ಮುಂದುವರಿಸಿ" ಅಂತ ಹೇಳಿ ಕೈತೊಳೆದುಕೊಳ್ತೀವಿ. ಎಲ್ಲ ಕೆಲಸ ಒಬ್ಬರ ಹೆಗಲ ಮೇಲಿದ್ದರೆ, ಅವರು ಹುಷಾರು ತಪ್ಪಿದ ದಿನ ಸವಾರಿಯೇ ನಿಲ್ಲುತ್ತೆ.

ಅದಕ್ಕೇ ನಮ್ಮ ಸಲಹೆ ಇಷ್ಟು: ಶಾಲು ಹೊದಿಸುವಾಗ ಒಂದು ಪಟ್ಟಿಯನ್ನೂ ಅವರ ಕೈಗೆ ಕೊಡೋಣ. ಮುಂದಿನ ಬ್ರೆವೆಗೆ ಯಾವ ಕಂಟ್ರೋಲ್‌ನಲ್ಲಿ, ಎಷ್ಟು ಹೊತ್ತು, ನಮ್ಮಲ್ಲಿ ಯಾರ್ಯಾರು ಕೂರ್ತೀವಿ ಅಂತ. ಒಂದು ಭಾನುವಾರವಾದರೂ ಅವರು ಸೀಲನ್ನು ನಮ್ಮ ಕೈಗೆ ಕೊಟ್ಟು, ತಾವೇ ಆರಾಮಾಗಿ ಪೆಡಲ್ ತುಳೀಲಿ.