ವ್ಯಾಟು ಅಗ್ಗ, ಮೌನ ತುಟ್ಟಿ!

ತಮ್ಮಂದಿರೇ, ಈ ವಾರದ ಟಪಾಲಿನಲ್ಲಿ ಒಂದೇ ರಾಗ. ಒಬ್ಬ ದಾವಣಗೆರೆಯಿಂದ ಬರೀತಾನೆ, ಇನ್ನೊಬ್ಬ ತಿಪಟೂರಿನಿಂದ. "ಅಣ್ಣಾ, ಥಿಯೇಟರಿನಲ್ಲಿ ಹೀರೋ ಎಂಟ್ರಿ ಆದಾಗ ಎದೆಗೆ ಗುದ್ದಿದ ಹಾಗಾಗುತ್ತಲ್ಲ, ಮನೆಯಲ್ಲಿ ಅದ್ಯಾಕೆ ಆಗಲ್ಲ? ಆರ್ಕೆಸ್ಟ್ರಾದವರ ಹತ್ರ ಇರೋ ಪವರ್ ಆಂಪ್ಲಿಫೈಯರ್ ತಂದು ಮನೆ ಸ್ಪೀಕರಿಗೆ ಜೋಡಿಸಬಹುದಾ? ಹೈ-ಫೈ ಅಂಗಡಿಯವರು ಹೇಳೋ ರೇಟಿಗೆ ನಮ್ಮಪ್ಪ ಹೊಲ ಮಾರಬೇಕು!"

ಹೊಲ ಮಾರಬೇಡಿ. ಧಾರಾಳವಾಗಿ ಜೋಡಿಸಬಹುದು. ಆದರೆ ನಾಲ್ಕು ಮಾತು ಕೇಳಿಕೊಂಡು ಆಮೇಲೆ ಜೇಬಿಗೆ ಕೈಹಾಕಿ.

ಮೊದಲು ಸಿನಿಮಾ ಸಮಾಚಾರ. 1974ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸಂಸ್ಥೆ 'ಅರ್ತ್‌ಕ್ವೇಕ್' ಚಿತ್ರ ತಂತು. ಭೂಕಂಪ ಕಣ್ಣಿಗೆ ಕಂಡರೆ ಸಾಲದು, ಕೂತ ಕುರ್ಚಿಯೇ ನಡುಗಬೇಕು ಅಂತ 'ಸೆನ್ಸರೌಂಡ್' ವ್ಯವಸ್ಥೆ ಮಾಡಿದರು. ಸರ್ವಿನ್-ವೇಗಾ ಕಂಪನಿಯ ದೈತ್ಯ ಸ್ಪೀಕರ್‌ಗಳು. ಅವನ್ನು ಗುಡುಗಿಸಲು ಬಿ.ಜಿ.ಡಬ್ಲ್ಯೂ. ಕಂಪನಿಯ ಪವರ್ ಆಂಪ್ಲಿಫೈಯರ್‌ಗಳು. ಆ ಚಿತ್ರಕ್ಕೆ ಧ್ವನಿಯ ಆಸ್ಕರ್ ಕೂಡ ಬಂತು. ಅದೇ 1974ರಲ್ಲಿ ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ಹಾಡುಗಾರರ ತಂಡ ವೇದಿಕೆಯ ಮೇಲೆ ಸ್ಪೀಕರ್‌ಗಳ ಗೋಡೆಯನ್ನೇ ಕಟ್ಟಿತು. ಅದಕ್ಕೆ ಬಳಸಿದ್ದು ಶ್ರೀಮಂತರ ಮನೆಗಳಲ್ಲಿ ಮೆರೆಯುವ ಮ್ಯಾಕಿಂಟಾಷ್ ಕಂಪನಿಯ ಆಂಪ್ಲಿಫೈಯರ್‌ಗಳನ್ನು! ಅಂದರೆ ಮನೆಯ ಮಾಲು ವೇದಿಕೆಗೆ ಹೋದದ್ದುಂಟು. ವೇದಿಕೆಯದು ಮನೆಗೆ ಯಾಕೆ ಬರಬಾರದು?

ಪ್ರೊಫೆಷನಲ್ ಆಂಪ್ಲಿಫೈಯರ್ ಅಗ್ಗ ಯಾಕೆ ಅಂತೀರಾ? ಅದಕ್ಕೆ ಮೇಕಪ್ ಇಲ್ಲ ನೋಡಿ. ರಿಮೋಟ್ ಇಲ್ಲ, ರೇಡಿಯೋ ಇಲ್ಲ, ಚಿನ್ನದ ಬಣ್ಣದ ಗುಂಡಿಗಳಿಲ್ಲ. ಒಂದು ಕರೀ ತಗಡಿನ ಪೆಟ್ಟಿಗೆ, ಅಷ್ಟೆ. ಮೇಲಾಗಿ, ಒಳ್ಳೆ ಕಂಪನಿಯದಾದರೆ ಅದರ ವ್ಯಾಟು ಸುಳ್ಳು ಹೇಳೋದಿಲ್ಲ. ಅಂಗೈಯಗಲದ ಸ್ಪೀಕರಿನ ಮೇಲೆ 'ಪಿ.ಎಂ.ಪಿ.ಓ. 2000 ವ್ಯಾಟ್' ಅಂತ ಬರೆಯೋರನ್ನ ನೀವೂ ನೋಡಿದ್ದೀರಿ. ನಿಜವಾದ ಲೆಕ್ಕ ಆರ್.ಎಂ.ಎಸ್. ಲೆಕ್ಕ. ಎಷ್ಟು ಓಮ್ ಸ್ಪೀಕರಿಗೆ ಎಷ್ಟು ವ್ಯಾಟ್ ಅಂತ ಬರೆದಿರಬೇಕು. ಉದಾಹರಣೆಗೆ ಕ್ರೌನ್ ಕಂಪನಿಯ ಎಕ್ಸ್‌ಎಲ್‌ಐ 800: 8 ಓಮ್‌ಗೆ ಒಂದೊಂದು ಚಾನೆಲ್ಲಿಗೂ 200 ವ್ಯಾಟ್.

ಸರಿ, ನಿಮಗೆ ಎಷ್ಟು ಬೇಕು? ಚಿತ್ರಮಂದಿರದಲ್ಲಿ ಪರದೆಯ ಹಿಂದಿನ ಒಂದು ಸ್ಪೀಕರಿನ ಅತಿ ಜೋರು ಸದ್ದು 105 ಡೆಸಿಬಲ್‌ಗೆ ಮುಟ್ಟಬೇಕು ಅನ್ನೋದು ಸಿನಿಮಾ ಧ್ವನಿಯವರ ಅಳತೆ. ಮನೆಯ ಸಾಧಾರಣ ಸ್ಪೀಕರ್ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಕೊಡುತ್ತೆ ಅನ್ನಿ. ನೀವು ಕೂರೋ ಹತ್ತಡಿ ದೂರಕ್ಕೆ ಬರೋ ಹೊತ್ತಿಗೆ ಅದು ಹೆಚ್ಚುಕಮ್ಮಿ 82. ವ್ಯಾಟು ಎರಡರಷ್ಟಾದರೆ ಏರೋದು ಬರೀ 3 ಡೆಸಿಬಲ್, ಹತ್ತರಷ್ಟಾದರೆ 10. ಲೆಕ್ಕ ಹಾಕಿ: 105 ಮುಟ್ಟೋಕೆ 200 ವ್ಯಾಟ್ ಬೇಕು! ಹತ್ತು ಡೆಸಿಬಲ್ ಕಮ್ಮಿ ಸಾಕು ಅಂದರೆ, ಅಂದರೆ ಕಿವಿಗೆ ಸುಮಾರು ಅರ್ಧ ಜೋರು, ಬರೀ 20 ವ್ಯಾಟ್. ಹತ್ತು-ಹನ್ನೆರಡಡಿ ಕೋಣೆ, ಪಕ್ಕದಲ್ಲಿ ಓನರ್ ಮನೆ ಇರೋ ತಮ್ಮಂದಿರು ಇಲ್ಲೇ ನಿಂತು ಯೋಚಿಸಿ. 'ಕೆ.ಜಿ.ಎಫ್.' ಚಿತ್ರದ ರವಿ ಬಸ್ರೂರು ಸಂಗೀತ ಥಿಯೇಟರಿನ ಹಾಗೇ ಗುದ್ದಬೇಕು, ಮನೆ ಸ್ವಂತದ್ದು, ಸ್ಪೀಕರೂ ಅಷ್ಟನ್ನು ತಡೆಯೋವಂಥದ್ದು ಅನ್ನೋರು ಮುಂದೆ ಬನ್ನಿ.

ಈಗ ಆ ನಾಲ್ಕು ಮಾತು.

ಒಂದು: ಫ್ಯಾನು. ಥಿಯೇಟರಿನಲ್ಲಿ ಆಂಪ್ಲಿಫೈಯರ್ ಇರೋದು ಪ್ರೊಜೆಕ್ಟರ್ ರೂಮಿನ ಕಡೆ. ಅದರ ಫ್ಯಾನು ಸುಂಯ್ ಅಂದರೂ ಗಾಂಧಿ ಕ್ಲಾಸಿನವನಿಗೆ ಕೇಳಲ್ಲ. ಮನೆಯಲ್ಲಿ ರಾತ್ರಿ ಹತ್ತು ಗಂಟೆಗೆ ಪಿ.ಬಿ.ಎಸ್. ಹಾಡು ಹಾಕಿದರೆ, ಹಾಡಿಗಿಂತ ಮುಂಚೆ ಫ್ಯಾನೇ ಆಲಾಪ ತೆಗೆಯುತ್ತೆ. ಬಿಸಿಯಾದಾಗ ಮಾತ್ರ ಜೋರಾಗಿ ತಿರುಗೋ ಮಾಡಲ್ ಹುಡುಕಿ. ಇಲ್ಲವೇ ಪೆಟ್ಟಿಗೆಯನ್ನು ಪಕ್ಕದ ಕೋಣೆಯಲ್ಲಿಟ್ಟು, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗೋ 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆಯಿರಿ. ಹತ್ತು ಮೀಟರ್ ಎಳೆದರೂ 8 ಓಮ್ ಸ್ಪೀಕರಿಗೆ ಏನೂ ತೊಂದರೆಯಿಲ್ಲ. ಬೀರುವಿನಲ್ಲಿ ಮಾತ್ರ ಮುಚ್ಚಿಡಬೇಡಿ, ಬೆಂದು ಹೋಗುತ್ತೆ.

ಎರಡು: 'ಉಸ್' ಸದ್ದು. ವೇದಿಕೆಯ ಸಾಮಾನುಗಳು ಮಾತಾಡೋದು 1.23 ವೋಲ್ಟಿನ ಮಟ್ಟದಲ್ಲಿ; ಮನೆಯ ಸಾಮಾನುಗಳದು 0.316 ವೋಲ್ಟ್. ಒಬ್ಬರದು ಕೂಗು, ಇನ್ನೊಬ್ಬರದು ಪಿಸುಮಾತು. ಆಂಪ್ಲಿಫೈಯರಿನಲ್ಲಿ 0.775 ಮತ್ತು 1.4 ವೋಲ್ಟ್ ಅಂತ ಸ್ವಿಚ್ ಇದ್ದರೆ ನಿಮ್ಮ ಪ್ಲೇಯರಿಗೆ ಹೊಂದೋದನ್ನು ಆರಿಸಿ. ಸಿ.ಡಿ. ಪ್ಲೇಯರ್ ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತೆ, 1.4 ಸಾಕು. ಮುಂದಿನ ಗುಂಡಿಯನ್ನು 'ಉಸ್' ನಿಲ್ಲೋವರೆಗೆ ಇಳಿಸಿ. ಆದರೆ ಗುಂಡಿ ಅರ್ಧಕ್ಕಿಟ್ಟರೆ ಪವರೂ ಅರ್ಧ ಅಂತ ತಿಳೀಬೇಡಿ! ಒಳಗೆ ಬರೋ ಸಿಗ್ನಲ್ ಜೋರಾಗಿದ್ದರೆ ಅರ್ಧದಲ್ಲೂ ಪೂರ್ತಿ ಪವರ್ ನುಗ್ಗಿ ಸ್ಪೀಕರ್ ಸುಡುತ್ತೆ. ವಾಲ್ಯೂಮ್ ಕಂಟ್ರೋಲು ಹಿಂದಿನ ಪ್ರಿ-ಆಂಪ್ಲಿಫೈಯರಿನಲ್ಲೇ ಇರಲಿ. ಆನ್ ಮಾಡುವಾಗ ಪವರ್ ಆಂಪ್ಲಿಫೈಯರ್ ಕೊನೆಗೆ, ಆಫ್ ಮಾಡುವಾಗ ಮೊದಲು.

ಮೂರು: ಜೋಡಣೆ. ದೇವಸ್ಥಾನದ ಹಾರ್ನ್‌ಗಳಿಗೆ ಕೊಡೋ 100 ವೋಲ್ಟ್ ಲೈನಿನ ಮೈಕ್‌ಸೆಟ್ ಆಂಪ್ಲಿಫೈಯರ್ ಬೇರೆ ಜಾತಿ. ಅದರ 100 ವೋಲ್ಟ್ ಟರ್ಮಿನಲ್ಲಿಗೆ ಮನೆ ಸ್ಪೀಕರ್ ಕೊಡಲೇಬೇಡಿ. ಎರಡು ಚಾನೆಲ್ ಸೇರಿಸಿ ಒಂದು ಮಾಡೋ 'ಬ್ರಿಡ್ಜ್' ಸ್ವಿಚ್ಚಿನ ಆಸೆಯೂ ಬೇಡ. ಅಲ್ಲಿ 4 ಓಮ್ ಸ್ಪೀಕರ್ ಒಂದೊಂದು ಚಾನೆಲ್ಲಿಗೆ 2 ಓಮ್‌ನ ಹಾಗೆ ಕಾಣುತ್ತೆ. ಎಷ್ಟೋ ಆಂಪ್ಲಿಫೈಯರ್‌ಗಳು ಅದನ್ನು ತಡೆಯಲ್ಲ.

ನಾಲ್ಕನೆಯದು ಜೀವದ ಮಾತು, ಎರಡು ಸಲ ಓದಿ. ಜೋಡಿಸಿದ ಮೇಲೆ ಸ್ಪೀಕರಿನಲ್ಲಿ 'ಗುಂಯ್' ಅಂತ ಹಮ್ಮಿಂಗ್ ಬರಬಹುದು. ಆಗ ಯಾರೋ ಒಬ್ಬ ಮಹಾಶಯ ಬಂದು, "ಅರ್ತ್ ಪಿನ್ ಕಿತ್ತಾಕು ಗುರೂ, ನಿಂತೋಗುತ್ತೆ" ಅಂತಾನೆ. ನಿಲ್ಲುತ್ತೆ, ನಿಜ. ಮುಂದೊಂದು ದಿನ ಒಳಗೆ ವೈರ್ ಸಡಿಲವಾಗಿ ತಗಡಿಗೆ ತಗುಲಿದರೆ, ಆ ಪೆಟ್ಟಿಗೆ ಪೂರ್ತಿ 230 ವೋಲ್ಟ್! ಒದ್ದೆ ಕೈಯಲ್ಲಿ ಧೂಳು ಒರೆಸೋಕೆ ಬರೋರು ನೀವಲ್ಲ, ನಿಮ್ಮ ತಾಯಿ. ಅರ್ತ್ ಪಿನ್ ಮುಟ್ಟಬೇಡಿ. ಎಲ್ಲ ಸಾಮಾನನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಟಿ.ವಿ.ಯ ಕೇಬಲ್ ವೈರ್ ಬಿಚ್ಚಿದಾಗ ಹಮ್ಮಿಂಗ್ ನಿಂತರೆ ಕಳ್ಳ ಅಲ್ಲೇ ಇದ್ದಾನೆ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಸಾಕೆಟ್ಟಿಗೆ ಮನೆಯ ಆರ್‌ಸಿಎ ವೈರ್ ಕೊಡುವಾಗ ಸಿಗ್ನಲ್ ಎರಡನೇ ಪಿನ್ನಿಗೆ, ಶೀಲ್ಡು ಒಂದನೇ ಮತ್ತು ಮೂರನೇ ಪಿನ್ನಿಗೆ. ಅಷ್ಟಕ್ಕೂ ಹೋಗಲಿಲ್ಲವಾದರೆ ನಡುವೆ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿಸಿ. ಸುಟ್ಟ ಸ್ಪೀಕರ್ ಕಾಯಿಲನ್ನು ರಿವೈಂಡ್ ಮಾಡಿಸಬಹುದು. ಮನುಷ್ಯನಿಗೆ ರಿವೈಂಡಿಂಗ್ ಇಲ್ಲ.

ಇನ್ನು, ಸೆಕೆಂಡ್‌ಹ್ಯಾಂಡ್ ತಗೊಳ್ಳೋರಿಗೆ ಒಂದು ಗುಟ್ಟು. ಬೆಂಗಳೂರಿನ ಎಸ್.ಪಿ. ರೋಡೇ ಆಗಲಿ, ನಿಮ್ಮೂರಿನ ಸೌಂಡ್ ಸರ್ವಿಸ್ ಅಂಗಡಿಯೇ ಆಗಲಿ, ಮಾರೋನು ಜೋರಾಗಿ ಹಾಡು ಹಾಕಿ ತಲೆ ತಿರುಗಿಸ್ತಾನೆ. ನೀವು ಹಾಡು ನಿಲ್ಲಿಸೋಕೆ ಹೇಳಿ. ಅಂಗಡಿ ಫ್ಯಾನೂ ಆಫ್ ಮಾಡಿಸಿ, ಹತ್ತಡಿ ದೂರ ನಿಂತು ಏನೂ ಇಲ್ಲದ ಸದ್ದನ್ನು ಕೇಳಿ. ಅಲ್ಲಿ ಸುಂಯ್, ಉಸ್, ಗುಂಯ್ ಮೂರೂ ಇಲ್ಲದಿದ್ದರೆ ಆಗ ಚೌಕಾಸಿ ಶುರುಮಾಡಿ!