ಲ್ಯಾಬ್ ಇದೆ, ಮುಖ್ಯಸ್ಥರು ಎಲ್ಲಿ?

ಹುಲಿಕೆರೆಯಿಂದ ಅರಸೀಕೆರೆವರೆಗೆ ಯಾವ ಊರಿಗೆ ಹೋದರೂ ಬೋರ್‌ವೆಲ್ ನೀರಿನ ಬಗ್ಗೆ ಕೇಳುವ ಪ್ರಶ್ನೆ ಒಂದೇ: ಇದನ್ನು ಕುಡಿಯಬಹುದಾ? ಉತ್ತರ ಹೇಳಬೇಕಾದ್ದು ಪ್ರಯೋಗಾಲಯ. ಅಲ್ಲಿ ಕಟ್ಟಡವಿದೆ, ಮೀಟರ್ ಇದೆ, ಉದ್ಘಾಟನೆಯ ಕಲ್ಲೂ ಇದೆ. ವರದಿಗೆ ಹೊಣೆ ಯಾರು ಎಂದು ಕೇಳಿದಾಗ ಮಾತ್ರ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ.

ಬೋರ್‌ವೆಲ್ ನೀರಿನಲ್ಲಿ ಕರಗಿರುವ ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ 1.5ರವರೆಗೆ ಸಹಿಸಬಹುದು. ನಡುವೆ ಇರುವುದು ಅರ್ಧ ಮಿಲಿಗ್ರಾಂ. ಅದನ್ನು ಕಣ್ಣಿನಿಂದ ಅಳೆಯಲಾಗದ ನಾವು ಲ್ಯಾಬ್ ಬರೆದುಕೊಟ್ಟ ಸಂಖ್ಯೆಯನ್ನೇ ನಂಬಬೇಕು. ಅರಸೀಕೆರೆ ಕಡೆ ಎಷ್ಟೋ ಮನೆಗಳಿಗೆ ಆ ಸಂಖ್ಯೆಗಿಂತ ಮೊದಲೇ ಮಕ್ಕಳ ಹಲ್ಲಿನ ಕಂದು ಕಲೆ ಬಂದು ವರದಿ ಒಪ್ಪಿಸಿದೆ.

2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದು ‘ಮನೆಮನೆಗೆ ಗಂಗೆ’. ನಲ್ಲಿಯ ಜೊತೆಗೆ ಗುಣಮಟ್ಟದ ಮಾತನ್ನೂ ಕೊಟ್ಟರು: ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್‌ನಲ್ಲಿ ನೀರು ಪರೀಕ್ಷಿಸುವ ತರಬೇತಿ, ಕಿಟ್‌ನಲ್ಲಿ ಅನುಮಾನ ಬಂದರೆ ಲ್ಯಾಬ್‌ನಲ್ಲಿ ಖಚಿತ ಪರೀಕ್ಷೆ, ಲ್ಯಾಬ್‌ಗಳು ಸಾರ್ವಜನಿಕರಿಗೂ ಮುಕ್ತ. ಎಲ್ಲ ಮನೆಗೂ ನಲ್ಲಿ ಬರಬೇಕಿದ್ದ ಗಡುವು 2024. ಈಗ ಅದು 2028. ಗಡುವನ್ನು ಮುಂದಕ್ಕೆ ಹಾಕಬಹುದು. ಹಲ್ಲಿಗೆ ಒಮ್ಮೆ ಬಂದ ಕಲೆಯನ್ನು ಹಿಂದಕ್ಕೆ ಕಳಿಸಲಾಗದು.

ಯಂತ್ರ ಕೊಳ್ಳುವಾಗ ಟೆಂಡರ್, ಕಟ್ಟಡಕ್ಕೆ ಗುದ್ದಲಿ ಪೂಜೆ, ಉದ್ಘಾಟನೆಗೆ ಪೆಂಡಾಲ್. ಲ್ಯಾಬ್ ನಡೆಸುವ ಜನರ ವಿಷಯಕ್ಕೆ ಬಂದರೆ ಮಾತ್ರ ಪ್ರಭಾರ, ಹೆಚ್ಚುವರಿ ಹೊಣೆ, ಹೊರಗುತ್ತಿಗೆ. ಕಚೇರಿಗಳಿಗೆ ಅಲೆದ ನಮಗೆಲ್ಲ ಈ ಪದಗಳು ಬಾಯಿಪಾಠ. ಮುಖ್ಯಸ್ಥರಿಗೆ ಇನ್ನೆರಡು ಕಚೇರಿಗಳಿವೆ, ಟೆಕ್ನಿಷಿಯನ್‌ನ ಒಪ್ಪಂದ ಮಾರ್ಚ್‌ಗೆ ಮುಗಿಯುತ್ತದೆ. ನಮ್ಮ ಬಾಟಲಿ ಇವರಿಬ್ಬರ ನಡುವೆ ಕಾಯುತ್ತದೆ.

ಲ್ಯಾಬ್ ಮುಖ್ಯಸ್ಥರ ಕೆಲಸ ಸಹಿ ಹಾಕುವುದಷ್ಟೇ ಎಂದು ಮೇಲಿನವರು ತಿಳಿದಂತಿದೆ. ಅಲ್ಲ. ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣ ಇಟ್ಟು ಮೀಟರ್ ಸರಿಯಾಗಿ ಓದುತ್ತಿದೆಯೇ ಎಂದು ದಿನವೂ ನೋಡಿಸಬೇಕು. ಏನೂ ಬೆರೆಸದ ಶುದ್ಧ ನೀರನ್ನೂ ಓದಿಸಬೇಕು. ಕೆಲವು ಮಾದರಿಗಳನ್ನು, ಯಾವುದು ಎಂದು ಹೇಳದೆ, ಎರಡನೇ ಸಲ ಪರೀಕ್ಷೆಗೆ ಕೊಡಬೇಕು. ಎರಡು ಉತ್ತರ ತಾಳೆಯಾಗದಿದ್ದರೆ ಆ ದಿನದ ಕೆಲಸವನ್ನೆಲ್ಲ ಮತ್ತೆ ಮಾಡಿಸುವ ಗಟ್ಟಿತನ ಬೇಕು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ‘ಸಾರ್, ಈ ರೀಡಿಂಗ್ ಯಾಕೋ ಸರಿ ಕಾಣ್ತಿಲ್ಲ’ ಎಂದು ಅಲ್ಲಿನ ಅತಿ ಕಿರಿಯ ಹುಡುಗಿ ಹೆದರದೆ ಹೇಳುವಂತಿರಬೇಕು. ಸಂಜೆಯೊಳಗೆ ಇಷ್ಟು ವರದಿ ಮುಗಿಸಲೇಬೇಕು ಎಂಬ ಒತ್ತಡ ಒಂದು ಕಡೆ, ಒಪ್ಪಂದ ನವೀಕರಣವಾಗುತ್ತದೋ ಇಲ್ಲವೋ ಎಂಬ ಭಯ ಇನ್ನೊಂದು ಕಡೆ ಇದ್ದರೆ ಅವಳು ಆ ಮಾತು ಆಡುವುದಿಲ್ಲ. ಕಂಡ ಸಂಖ್ಯೆಯನ್ನು ಬರೆದು ಮನೆಗೆ ಹೋಗುತ್ತಾಳೆ. ತಪ್ಪು ಅವಳದಲ್ಲ, ಅವಳ ಪಕ್ಕ ನಿಲ್ಲಬೇಕಾದವರ ಕುರ್ಚಿ ಖಾಲಿಯಿದೆ.

ಆ ಕುರ್ಚಿ ತುಂಬುವುದು ನಮ್ಮಿಂದಾಗದ ಕೆಲಸ ಎಂದು ಯಾರೂ ಹೇಳುವಂತಿಲ್ಲ. ಹಾಸನದಲ್ಲೇ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಐದು ತಿಂಗಳೂ ತುಂಬುವ ಮೊದಲೇ ಕೈತಪ್ಪಿತು. ಅದರ ದಿಕ್ಕು ಕಾಯುವ ಇಂಧನವೇ ಮುಗಿದುಹೋಗಿತ್ತು. ಮರುವರ್ಷ ಆಗಸ್ಟ್ 30ರಂದು ಇನ್ಸಾಟ್-1ಬಿ ಹಾರಿತು. ಅದರ ಸೌರಫಲಕ ಬಿಚ್ಚಿಕೊಳ್ಳಲಿಲ್ಲ. ಎಂಜಿನಿಯರ್‌ಗಳು ಬಿಡದೆ ಪ್ರಯತ್ನಿಸಿ ಸೆಪ್ಟೆಂಬರ್‌ನಲ್ಲಿ ಅದನ್ನು ಬಿಡಿಸಿದರು, ಉಪಗ್ರಹ ವರ್ಷಗಟ್ಟಲೆ ದುಡಿಯಿತು. ವಾರಕ್ಕೊಮ್ಮೆ ಬಂದು ಕಡತ ನೋಡಿ ಹೋಗುವ ಪ್ರಭಾರ ಮುಖ್ಯಸ್ಥರನ್ನು ಇಟ್ಟುಕೊಂಡು ಇಂಥ ಕೆಲಸ ಆಗುವುದಿಲ್ಲ. 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಕೊಟ್ಟ ಗಮನದಲ್ಲಿ ಒಂದು ಪಾಲಾದರೂ ನೂರಾರು ಅಡಿ ಕೆಳಗಿನ ನೀರಿಗೆ ಬೇಡವೇ?

ಒಬ್ಬರೇ ನೆಲೆನಿಂತು ಮಾಡುವ ಕೆಲಸದ ಬೆಲೆ ಹಳೆಯ ಮೈಸೂರು ಸಂಸ್ಥಾನಕ್ಕೂ ಗೊತ್ತಿತ್ತು. ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1908ರಲ್ಲಿ ಇಲ್ಲಿಗೆ ಬಂದು ಅಡಿಕೆಯ ಕೊಳೆರೋಗದ ಬೆನ್ನು ಹತ್ತಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ಒಯ್ದರು; ಬೆಳೆಗಾರರು ಇವತ್ತಿಗೂ ಅದನ್ನೇ ಹೊಡೆಯುತ್ತಾರೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದ ಹಿಂದೆಯೂ ಅವರಿದ್ದರು. ಅವರು ಮೈಸೂರಿನಿಂದ ನಿವೃತ್ತರಾದದ್ದು 1934ರಲ್ಲಿ. ಈಗಿನ ಲ್ಯಾಬ್ ಮುಖ್ಯಸ್ಥರಿಗೆ ಒಂದು ಮಳೆಗಾಲ, ಒಂದು ಬೇಸಿಗೆ ಒಂದೇ ಕಡೆ ಸಿಕ್ಕರೆ ಅದೇ ಹೆಚ್ಚು.

ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಐಎಸ್‌ಒ 17025 ಮಾನದಂಡವೂ ಇದನ್ನೇ ಕೇಳುತ್ತದೆ: ಪೂರ್ತಿ ಹೊಣೆ ಯಾರದು ಎಂದು ಗುರುತಿಸಿರಬೇಕು, ಸಿಬ್ಬಂದಿಯ ಸಾಮರ್ಥ್ಯದ ಮೇಲೆ ಕಣ್ಣಿಟ್ಟಿರಬೇಕು. ಮಾನ್ಯತೆಯ ಪತ್ರಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವವರು ಅದರ ಷರತ್ತನ್ನೂ ಓದಿಕೊಳ್ಳಲಿ.

ಮುಂದಿನ ಗ್ರಾಮಸಭೆಯಲ್ಲಿ ಪಿಡಿಒ ಅವರನ್ನು ಕೇಳೋಣ. ನಮ್ಮೂರ ನೀರು ಹೋಗುವ ಲ್ಯಾಬ್‌ನ ಮುಖ್ಯಸ್ಥರು ಯಾರು, ಅವರು ಕಾಯಂ ಇದ್ದಾರೋ ಪ್ರಭಾರವೋ, ಎಂದಿನಿಂದ ಇದ್ದಾರೆ? ಬಾಟಲಿ ತುಂಬಿದ್ದು ಯಾವತ್ತು, ಪರೀಕ್ಷೆಯಾದದ್ದು ಯಾವತ್ತು? ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಳ್ಳುತ್ತೇವಲ್ಲ, ಅದರ ನೀರನ್ನು ಕೊನೆಯ ಸಲ ಯಾರು ಪರೀಕ್ಷಿಸಿದರು? ‘ನೋಡ್ತೀವಿ’ ಎಂದರೆ ಎದ್ದು ಬರುವುದು ಬೇಡ. ಪ್ರಶ್ನೆಯನ್ನೂ ಉತ್ತರವನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ತೆಗೆದುಕೊಂಡೇ ಬರೋಣ.